ರೆಕ್ಕೆ ಕಟ್ಟಿದ ನೆಲದ ಮಾತಿಗೆ ಬೆಲೆಯಿಲ್ಲವೇ?



ಎಚ್‌ಟಿ-2 ಎಂಬ ಹೆಸರು ಕೇಳಿದ್ದೀರಾ? ನಿಮ್ಮ ಮನೆಯ ಮಕ್ಕಳನ್ನೂ ಕೇಳಿ ನೋಡಿ. ರೈಟ್ ಸಹೋದರರ ಕಥೆಯನ್ನು ಗಿಳಿಪಾಠ ಒಪ್ಪಿಸುವ ಮಗು ಈ ಹೆಸರು ಕೇಳಿದರೆ ಮಿಕಮಿಕ ನೋಡುತ್ತದೆ. ತಪ್ಪು ಮಗುವಿನದಲ್ಲ. ಹೇಳಬೇಕಾದವರು ಕನ್ನಡದಲ್ಲಿ ಹೇಳಲಿಲ್ಲ!

ನಾವು ಹೇಳುತ್ತೇವೆ, ಕೇಳಿ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಹೊರಟಾಗ ಕೈಹಿಡಿದದ್ದು ಮೈಸೂರು ಸಂಸ್ಥಾನ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಬೆಂಗಳೂರಿನಲ್ಲಿ ಜಮೀನು ಕೊಟ್ಟಿತು. ಬೊಕ್ಕಸದಿಂದ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. ಅದು ಯಾರ ದುಡ್ಡು? ರಾಗಿ ಬೆಳೆದು ಕಂದಾಯ ಕಟ್ಟಿದ ರೈತನ ದುಡ್ಡು!

ಆ ಕಾರ್ಖಾನೆಯಿಂದ 1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಹಾರಿತು. ಹಿಂದೊಂದು ಮುಂದೊಂದು ಎರಡು ಆಸನ, ಲೋಹದ ಮೈ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಾಟದ ಓಂ ನಾಮ ಕಲಿತದ್ದು ಇದರಲ್ಲೇ. ಭಾರತದಲ್ಲೇ ವಿನ್ಯಾಸಗೊಂಡು ಸಾಲುಸಾಲಾಗಿ ತಯಾರಾದ ಮೊದಲ ಸೇನಾ ವಿಮಾನ ಇದು. 160ಕ್ಕೂ ಹೆಚ್ಚು ತಯಾರಾದವು. ಆಫ್ರಿಕಾದ ಘಾನಾ ದೇಶ ವಾಯುಪಡೆ ಕಟ್ಟುವಾಗ 12 ಎಚ್‌ಟಿ-2 ಅಲ್ಲಿಗೆ ಹೋದವು!

ಇದರ ವಿನ್ಯಾಸಕಾರ ಡಾ. ವಿ.ಎಂ. ಘಾಟಗೆ ಕೊಲ್ಹಾಪುರದ ಕಡೆಯವರು. ಜರ್ಮನಿಯಲ್ಲಿ ಕಲಿತು, ಬೆಂಗಳೂರಿಗೆ ಬಂದು ವಿದ್ಯೆ ಧಾರೆಯೆರೆದರು. ಅಂಥವರನ್ನು ಕನ್ನಡಿಗ ಹೊರಗಿನವರೆಂದು ಯಾವತ್ತೂ ದೂಡಿಲ್ಲ. ನಮ್ಮ ಜಗಳ ಬಂದವರ ಮೇಲಲ್ಲ. ಇದ್ದವರನ್ನು ಮರೆತವರ ಮೇಲೆ.

ಮುಂದೇನಾಯಿತು? ಎಚ್‌ಟಿ-2ರ ಜಾಗಕ್ಕೆ ಬಂದ ಎಚ್‌ಪಿಟಿ-32 'ದೀಪಕ್' ವಿಮಾನದ ಎಂಜಿನ್ ಆಕಾಶದಲ್ಲೇ ನಿಲ್ಲುವ ಪೀಡೆಗೆ ಸಿಕ್ಕಿತು. 2009ರ ಅಪಘಾತದಲ್ಲಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಅದನ್ನು ನೆಲಕ್ಕಿಳಿಸಿದರು. ಬದಲಿ ಕೈಯಲ್ಲಿರಲಿಲ್ಲ. 2012ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ 75 ಪಿಲಾಟಸ್ ವಿಮಾನ ಕೊಳ್ಳಬೇಕಾಯಿತು. 60 ವರ್ಷ ಹಿಂದೆ ಸ್ವಂತ ವಿಮಾನ ಹಾರಿಸಿದ ದೇಶಕ್ಕೆ ಈ ಗತಿ!

ಈಗ ಮತ್ತೆ ಗಾಳಿ ತಿರುಗಿದೆ. ಬೆಂಗಳೂರಿನಲ್ಲೇ ವಿನ್ಯಾಸವಾದ ಎಚ್‌ಟಿಟಿ-40 2016ರಲ್ಲಿ ಹಾರಿತು. 2023ರಲ್ಲಿ 70 ವಿಮಾನಗಳಿಗೆ 6,800 ಕೋಟಿ ರೂಪಾಯಿಗೂ ಮೀರಿದ ಒಪ್ಪಂದವಾಯಿತು. ಸಂತೋಷ. ಆದರೆ ಬಂಧುಗಳೇ, ಇಲ್ಲೇ ಕೇಳಬೇಕು: ಈ ಕೆಲಸದಲ್ಲಿ ಕನ್ನಡದ ಮಕ್ಕಳ ಪಾಲೆಷ್ಟು? ಸರೋಜಿನಿ ಮಹಿಷಿ ವರದಿ 1986ರಲ್ಲೇ ಸರ್ಕಾರದ ಕೈಸೇರಿದೆ. ಧೂಳು ಹೊಡೆಯುವವರು ಯಾರು?

ನಮ್ಮ ಒತ್ತಾಯ ಮೂರೇ. ಒಂದು, ಈ ವಿಮಾನಗಳ ಕೆಲಸದಲ್ಲಿ ಸ್ಥಳೀಯರೆಷ್ಟು ಎಂಬ ಲೆಕ್ಕ ಬಹಿರಂಗವಾಗಲಿ. ಎರಡು, ನಮ್ಮ ಐಟಿಐ ಹುಡುಗ ಹುಡುಗಿಯರಿಗೆ ವಿಮಾನ ತಂತ್ರಜ್ಞಾನದ ಪಾಠ ಕನ್ನಡದಲ್ಲೂ ಸಿಗಲಿ. ಮೂರು, ಎಚ್‌ಟಿ-2ರ ಕಥೆ ಕನ್ನಡ ಶಾಲೆಯ ಪಠ್ಯದಲ್ಲಿ ಬರಲಿ.

ಇದು ಭಿಕ್ಷೆಯಲ್ಲ, 25 ಲಕ್ಷದ ಮೇಲಿನ ಬಡ್ಡಿ! ನಿಮ್ಮ ಶಾಸಕರಿಗೆ, ಸಂಸದರಿಗೆ ಇವತ್ತೇ ಕಾಗದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉತ್ತರ ಬರುವ ತನಕ ಬಿಡಬೇಡಿ.