ಹಿಮಕ್ಕೆ ನೀರುಂಟು, ಬಿಂದಿಗೆಗಿಲ್ಲ

2022ರ ಫೆಬ್ರವರಿಯಲ್ಲಿ ನಾವು ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ಬೀಜಿಂಗಿನ ಚಳಿಗಾಲದ ಒಲಿಂಪಿಕ್ಸನ್ನು ಟೆಲಿವಿಷನ್ನಿನಲ್ಲಿ ನೋಡುತ್ತಿದ್ದೆವು. ನಲ್ಲಿ ಸದ್ದಾದರೆ ಆಟವನ್ನೂ ಅರ್ಧ ಬರೆದ ಲೇಖನವನ್ನೂ ಬಿಟ್ಟು ಬಿಂದಿಗೆ ಹಿಡಿದು ಓಡುವುದು. ಭಾರತದಿಂದ ಹೋದವರು ಒಬ್ಬರೇ, ಕಾಶ್ಮೀರದ ಆರಿಫ್ ಖಾನ್. ಅವರು ಜಾರಿದ ಗುಡ್ಡದಲ್ಲಿ ಹಿಮ ಬೀಳುವುದೇ ಕಡಿಮೆ. (ಅವರ ಸರದಿಯ ದಿನ ನಿಜವಾದ ಹಿಮವೂ ಬಿತ್ತೆನ್ನಿ.) ನೀರನ್ನು ಕೊಳವೆಯಲ್ಲಿ ಗುಡ್ಡಕ್ಕೇರಿಸಿ, ಯಂತ್ರದಿಂದ ಚಳಿಗಾಳಿಗೆ ಚಿಮ್ಮಿಸಿ, ಹೆಚ್ಚುಕಡಿಮೆ ಅಷ್ಟೂ ಹಿಮವನ್ನು ತಯಾರಿಸಿದ್ದರು. ಹಣವೂ ಮನಸ್ಸೂ ಇದ್ದರೆ ಒಣಗುಡ್ಡಕ್ಕೂ ನೀರು ಏರುತ್ತದೆ!

ಎರಡು ವರ್ಷ ಕಳೆದು 2024ರ ಬೇಸಗೆ ಬಂತು. ಬೆಂಗಳೂರಿನ 13,900 ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಮಳೆಯಾಗಲಿಲ್ಲವೆಂಬುದು ಸಬೂಬು. ಮಳೆಯಾಗದ್ದು ನಿಜ, ಹಾಗಾದರೆ ಟ್ಯಾಂಕರಿಗೆ ನೀರು ಯಾವ ಆಕಾಶದಿಂದ ಬಿತ್ತು? ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ ಸಾವಿರ ರೂಪಾಯಿ ಎಂದು ದರ ಕಟ್ಟಿದರು. ನೀರಿತ್ತು, ಕಾಸಿದ್ದವರಿಗೆ ಇತ್ತು. ಯಶವಂತಪುರದಲ್ಲಿ ತಟ್ಟೆ ತೊಳೆಸಬೇಕಾದ ಸಣ್ಣ ಹೋಟೆಲಿನವರೂ ಪಾಳಿಗೆ ಹೊರಡುವ ಮುಂಚೆ ಸಾಲು ನಿಂತ ಕಾರ್ಮಿಕರೂ ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು.

ಯಲಹಂಕದ ಕಡೆಯವೂ ಸೇರಿದಂತೆ 110 ಹಳ್ಳಿಗಳನ್ನು ನಗರ ನುಂಗಿದ್ದು 2007ರಲ್ಲಿ. ಅವುಗಳಿಗೆಂದು ಕಾವೇರಿ ಐದನೆಯ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಚೀನಾದ ಗುಡ್ಡ ಇಷ್ಟು ಕಾಯಲಿಲ್ಲ.

ಯಾವ ವಾರ್ಡಿಗೆ ಎಷ್ಟು ನೀರು, ಯಾವ ಬಡಾವಣೆಗೆ ಎಷ್ಟು, ಈ ಲೆಕ್ಕವನ್ನು ಮುಂದಿನ ಬೇಸಗೆಗೆ ಮೊದಲೇ ಬೀದಿಯ ಗೋಡೆಗೆ ಅಂಟಿಸಲಿ. ಟ್ಯಾಂಕರುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಲಿ.