ಮಲ್ಲಿಗೆಯ ಕಡ್ಡಿ ಮತ್ತು ಮೇ ತಿಂಗಳ ರಜೆ

ಮೇ ತಿಂಗಳ ರಜೆ ಮುಗಿಸಿ ಕರಾವಳಿಯಿಂದ ಮುಂಬಯಿಗೆ ಮರಳುವ ನಮ್ಮವರ ಚೀಲಗಳಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕಾರು ಮಲ್ಲಿಗೆ ಕಡ್ಡಿಗಳೂ ಇರುತ್ತವೆ. ಮತ್ಸ್ಯಗಂಧಾ ರೈಲಿನಲ್ಲಿ ಒಂದು ರಾತ್ರಿ ಕಳೆದು ಕುರ್ಲಾದಲ್ಲಿ ಇಳಿಯುವ ಈ ಕಡ್ಡಿಗಳು ಜೂನ್ ಹೊತ್ತಿಗೆ ಬಹುಪಾಲು ಒಣಗಿರುತ್ತವೆ. ಆಗ ‘ನಮ್ಮೂರ ಮಲ್ಲಿಗೆಗೆ ಈ ಊರು ಒಗ್ಗದು’ ಎಂಬ ತೀರ್ಪು ಹೊರಬೀಳುತ್ತದೆ. ನಾವೂ ಹಲವು ವರ್ಷ ಹಾಗೆಯೇ ಹೇಳಿದವರು. ಈಗ ಒಪ್ಪುವುದಿಲ್ಲ.

ಜಿಐ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ ಬೆಳೆಯುವ ಶಂಕರಪುರವೂ ಅರಬ್ಬೀ ಸಮುದ್ರಕ್ಕೆ ದೂರವಲ್ಲ. ಅದೇ ಸೆಕೆ, ಅದೇ ಜಡಿಮಳೆ. ತಪ್ಪು ಇರುವುದು ನಮ್ಮ ಪಂಚಾಂಗದಲ್ಲಿ. ಮೇಯಲ್ಲಿ ಬಳ್ಳಿ ಹೂವಿನ ಕೆಲಸದಲ್ಲಿರುತ್ತದೆ, ಬಿಸಿಲೂ ಉರಿಯುತ್ತಿರುತ್ತದೆ. ಕಡ್ಡಿ ಬೇರು ಬಿಡಲು ಮಳೆಗಾಲದ ತೇವ ಬೇಕು. ಆದರೆ ಆಷಾಢದಲ್ಲಿ ರಜೆ ಹಾಕಿ ಊರಿಗೆ ಹೋಗುವವರು ಯಾರು?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಡ್ಡಿಯನ್ನು ಊರಿನಿಂದ ತರುವ ಹಟ ಬಿಟ್ಟು, ಇಲ್ಲಿ ಈಗಾಗಲೇ ಬೇರೂರಿದ ಬಳ್ಳಿಗಳನ್ನು ಹುಡುಕಬೇಕು. ಸಾಂಬಾಕ್ ಜಾತಿಯ ಈ ಮಲ್ಲಿಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಕಡ್ಡಿಯಿಂದ ಕಡ್ಡಿಗೆ ಅದೇ ಗಿಡ ಮುಂದುವರಿಯುತ್ತದೆ. ಡೊಂಬಿವಲಿಯ ಬಾಲ್ಕನಿಯಲ್ಲಿ ಹಬ್ಬಿದ್ದು ಕಟಪಾಡಿಯ ಅಜ್ಜಿಯ ಅಂಗಳದ್ದರ ನಕಲಲ್ಲ, ಅದೇ. ನರ್ಸರಿಯಲ್ಲಿ ಮೊಗ್ರಾ ಎಂದು ಸಿಗುವ ಗುಂಡು ಮೊಗ್ಗಿನದೂ ಇದೇ ಜಾತಿಯದು, ತಳಿ ಮಾತ್ರ ಬೇರೆ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಮಾಲೆ ಕಟ್ಟಿದಾಗ ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಕೆಲಸ ಕಷ್ಟದ್ದಲ್ಲ. ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ. ಮೂರು ನಾಲ್ಕು ಗೆಣ್ಣುಗಳಿರಲಿ. ಕೆಳಗಿನ ಗೆಣ್ಣಿನ ಬುಡದಲ್ಲಿ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆಗಳನ್ನುಳಿಸಿ, ಮರಳು ಬೆರೆತ ಮಣ್ಣಿನಲ್ಲಿ ಎರಡು ಗೆಣ್ಣು ಹೂಳಬೇಕು. ಬೇರಾಗಲು ತಿಂಗಳೊಂದು, ಕೆಲವೊಮ್ಮೆ ಇನ್ನೂ ಹದಿನೈದು ದಿನ. ಅಷ್ಟರವರೆಗೆ ನೆರಳು, ಎಳೆದು ನೋಡುವ ಕುತೂಹಲ ಬೇಡ. (ನಮ್ಮ ಮೊದಲ ಸೋಲುಗಳಲ್ಲಿ ಅರ್ಧ ಈ ಕುತೂಹಲದ್ದೇ.) ಆಮೇಲೆ ಮಾತ್ರ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಉತ್ತರಕ್ಕೆ ಮುಖಮಾಡಿದ ಕಿಟಕಿಯವರು ಬಳ್ಳಿಯ ಹಸಿರಿಗೇ ತೃಪ್ತರಾಗಬೇಕಾದೀತು.

ಇದನ್ನು ಈಗಲೇ ಬರೆಯಲು ಕಾರಣವಿದೆ. ಉಪನಗರಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ನೆಲಮಹಡಿಯ ಮಣ್ಣಿನಲ್ಲಿ ನೆಟ್ಟು, ಎರಡನೆಯ ಮಹಡಿಯ ಗ್ರಿಲ್ಲಿನವರೆಗೆ ಏರಿದ ಬಳ್ಳಿಗಳು ಇರುವುದು ಅಲ್ಲಿಯೇ. ಮನೆ ತೆರವು ಮಾಡುವಾಗ ದೇವರ ಪೀಠವನ್ನು, ಪುಸ್ತಕಗಳನ್ನು ಕಟ್ಟುತ್ತೇವೆ. ಬಳ್ಳಿಯನ್ನು ಕಟ್ಟಲಾಗದು, ಕಡ್ಡಿಯನ್ನು ಕತ್ತರಿಸಬಹುದು. ಆದರೆ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮುಲುಂಡಿನ ಅಂಥದೊಂದು ಮನೆಯಿಂದ, ತಗಡಿನ ಬೇಲಿ ಬೀಳುವ ಮುನ್ನಾದಿನ, ಹನ್ನೊಂದು ಕಡ್ಡಿ ತಂದೆವು. ಏಳು ಚಿಗುರಿದವು. ಎರಡನ್ನು ಆ ಮನೆಯ ಹಿರಿಯ ಅಮ್ಮನಿಗೇ ಮರಳಿಸಿದೆವು. ಅವರೀಗ ಬಾಡಿಗೆಯ ಏಳನೆಯ ಮಹಡಿಯಲ್ಲಿದ್ದಾರೆ. ಉಳಿದ ಐದು ಕುಂಡಗಳು ನಮ್ಮಲ್ಲಿವೆ. ಬೇಕಾದವರು ಚೀಲ ತರಬೇಕು.