ನ್ಯಾನೋ ಔಷಧಿ ಲ್ಯಾಬ್‌ನಲ್ಲಷ್ಟೇ ಇಲ್ಲ, ಹೆರಿಗೆ ವಾರ್ಡಿನ ಡ್ರಿಪ್‌ನಲ್ಲೂ ಇದೆ

'ಕ್ಯಾನ್ಸರ್ ಕೊಲ್ಲುವ ನ್ಯಾನೋ ಕಣ ಪತ್ತೆ' ಅನ್ನೋ ಸುದ್ದಿ ಆಗಾಗ ನಮ್ಮ ಫೋನಿಗೆ ಬಂದು ಬೀಳುತ್ತಲೇ ಇರುತ್ತೆ. ಸುದ್ದಿ ಸುಳ್ಳೇನಲ್ಲ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಬಹಳ ದೂರ. ಮೆದುಳಿನ ಗಡ್ಡೆಯೊಳಗೆ ಐರನ್ ಆಕ್ಸೈಡ್ ಕಣ ಚುಚ್ಚಿ, ಕಾಂತಕ್ಷೇತ್ರದಿಂದ ಬಿಸಿ ಮಾಡುವ ಚಿಕಿತ್ಸೆಗೆ ಜರ್ಮನಿಯ ಮ್ಯಾಗ್‌ಫೋರ್ಸ್ ಕಂಪನಿ 2010ರಲ್ಲೇ ಯುರೋಪಿನ ಅನುಮತಿ ಪಡೆದಿತ್ತು. 2022ರಲ್ಲಿ ಆ ಕಂಪನಿಯೇ ದಿವಾಳಿಯಾಯ್ತು.

ಹಾಗಾದ್ರೆ ನ್ಯಾನೋ ಕಣ ನಿಜವಾಗಿ ರೋಗಿಗಳ ಮೈಗೆ ಹೋಗ್ತಿರೋದು ಎಲ್ಲಿ? ಹೆರಿಗೆ ವಾರ್ಡಿನಲ್ಲಿ. ರಕ್ತಹೀನತೆ ಇರೋ ಗರ್ಭಿಣಿಗೆ ಹಾಕುವ ಕಂದು ಬಣ್ಣದ ಡ್ರಿಪ್, ಐರನ್ ಸುಕ್ರೋಸ್, ಇದೇ ಜಾತಿಯದು. ಒಳಗೆ ಕಬ್ಬಿಣ, ಆಮ್ಲಜನಕ, ಹೈಡ್ರಾಕ್ಸೈಡ್ ಸೇರಿದ ಕೆಲವೇ ನ್ಯಾನೋಮೀಟರಿನ ತಿರುಳು, ಸುತ್ತ ಸಕ್ಕರೆಯ ಹೊದಿಕೆ. ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ.

ಆ ಹೊದಿಕೆ ಸುಮ್ಮನೆ ಇಲ್ಲ. ಬರಿ ಕಬ್ಬಿಣವನ್ನ ನೇರ ರಕ್ತಕ್ಕೆ ಬಿಟ್ಟರೆ ವಿಷ. ಹೊದಿಕೆ ಇದ್ದರೆ ರಕ್ಷಕ ಕೋಶಗಳು ಕಣವನ್ನ ನುಂಗಿ, ಕಬ್ಬಿಣವನ್ನ ನಿಧಾನಕ್ಕೆ ಬಿಟ್ಟುಕೊಡುತ್ತವೆ. ಹೊದಿಕೆ ಸಡಿಲವಾಗಿದ್ದರೆ ಕಬ್ಬಿಣ ಬೇಗ ಹೊರಬರುತ್ತೆ, ಬಿಪಿ ಕುಸಿಯಬಹುದು. ಎರಡು ಕಂಪನಿಯ ಬಾಟಲಿಯಲ್ಲಿ ಒಂದೇ ಮಿಲಿಗ್ರಾಂ ಕಬ್ಬಿಣ ಇದ್ದರೂ ಮೈಯಲ್ಲಿ ಅವು ಒಂದೇ ಥರ ನಡೆದುಕೊಳ್ಳಬೇಕು ಅಂತೇನಿಲ್ಲ. ಪ್ಯಾರಾಸಿಟಮಾಲ್ ಲೆಕ್ಕ ಇಲ್ಲಿ ನಡೆಯಲ್ಲ. ಯುರೋಪಿನ ಔಷಧ ಸಂಸ್ಥೆ 2015ರಲ್ಲೇ ಇದನ್ನ ಹೇಳಿದೆ: ಇಂಥ ಐರನ್ ಔಷಧಿಗಳ ಪ್ರತಿಗಳಿಗೆ ಬರೀ ರಾಸಾಯನಿಕ ಗುಣಮಟ್ಟದ ಹೋಲಿಕೆ ಸಾಲದು.

ಎಡವಿದ ಉದಾಹರಣೆಯೂ ಇದೆ. ಫೆರುಮಾಕ್ಸಿಟಾಲ್ ಅನ್ನೋ ಐರನ್ ಆಕ್ಸೈಡ್ ನ್ಯಾನೋ ಔಷಧಿಗೆ ಅಮೆರಿಕ 2009ರಲ್ಲಿ ಒಪ್ಪಿಗೆ ಕೊಡ್ತು, 510 ಮಿಲಿಗ್ರಾಂ ಅನ್ನು ನಿಮಿಷದೊಳಗೇ ಚುಚ್ಚಬಹುದು ಅಂತ. ಮುಂದೆ 79 ಮಂದಿಗೆ ತೀವ್ರ ಅಲರ್ಜಿಯಾಗಿದ್ದು ವರದಿಯಾಯ್ತು, ಅವರಲ್ಲಿ 18 ಮಂದಿ ಸತ್ತರು. 2015ರಲ್ಲಿ ನಿಯಮ ಬದಲಾಯ್ತು: ಸಲೈನ್‌ನಲ್ಲಿ ಬೆರೆಸಿ ಕನಿಷ್ಠ 15 ನಿಮಿಷ ಹಿಡಿದು ಕೊಡಬೇಕು, ಆಮೇಲೂ ಅರ್ಧ ಗಂಟೆ ರೋಗಿಯನ್ನ ಗಮನಿಸಬೇಕು. ಔಷಧಿ ಹಿಂದೆ ಹೋಗಲಿಲ್ಲ, ಕೊಡೋ ರೀತಿ ಬದಲಾಯ್ತು. ಅದು ಸಾಧ್ಯವಾಗಿದ್ದು ವರದಿಗಳು ದಾಖಲಾಗಿದ್ದರಿಂದ.

ನಮ್ಮಲ್ಲಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಒಂದೇ ಡೋಸಿನ ಐರನ್ ಡ್ರಿಪ್ ಮಾತ್ರೆಗಿಂತ ಮೇಲೋ ಅಂತ ನೋಡೋಕೆ ಬೆಳಗಾವಿಯ ಜೆಎನ್‌ಎಂಸಿ ಸೇರಿ ನಡೆದ ರ್‍ಯಾಪಿಡಿರಾನ್ ಪ್ರಯೋಗ ಕರ್ನಾಟಕ, ರಾಜಸ್ಥಾನದ 4,320 ಗರ್ಭಿಣಿಯರನ್ನ ಸೇರಿಸಿಕೊಂಡಿತ್ತು. ಅಂದ್ರೆ ಡ್ರಿಪ್‌ಗಳ ಬಳಕೆ ಹೆಚ್ಚೋ ಸಾಧ್ಯತೆಯೇ ಜಾಸ್ತಿ. ನಾನಂತೂ ಅದರ ಪರ. ಮಾತ್ರೆ ನುಂಗಿ ವಾಂತಿ ಮಾಡಿಕೊಂಡು, ಕೊನೆಗೆ ಸ್ಟ್ರಿಪ್ಪನ್ನೇ ಮೂಲೆಗಿಟ್ಟ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ.

ನ್ಯಾನೋ ಔಷಧಿಗಳ ಮೌಲ್ಯಮಾಪನಕ್ಕೆ ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಅದು ಮುಖ್ಯವಾಗಿ ಹೊಸದಾಗಿ ಬರೋ ಔಷಧಿಗಳ ಮಾತಾಡುತ್ತೆ. ಈಗಾಗಲೇ ಆಸ್ಪತ್ರೆಯ ಕಪಾಟಿನಲ್ಲಿರೋ ಐರನ್ ಬಾಟಲಿಗಳ ಕಥೆ? ಟೆಂಡರ್‌ನಲ್ಲಿ ದರದ ಜೊತೆ ಕಣದ ಗಾತ್ರ, ಕಬ್ಬಿಣ ಬಿಡುಗಡೆಯಾಗೋ ವೇಗದ ವರದಿಯನ್ನೂ ಕೇಳೋದು ಕಷ್ಟದ ಕೆಲಸವಲ್ಲ. ಅದಕ್ಕಿಂತ ಸುಲಭದ್ದು ಇನ್ನೊಂದಿದೆ: ತಾಯಿ ಕಾರ್ಡಿನಲ್ಲಿ 'ಐರನ್ ಇಂಜೆಕ್ಷನ್ ಕೊಟ್ಟಿದೆ' ಅನ್ನೋದರ ಜೊತೆ ಬ್ರ್ಯಾಂಡ್ ಮತ್ತು ಬ್ಯಾಚ್ ನಂಬರ್ ಬರೆಯೋದು. ಡ್ರಿಪ್ ಹಾಕಿದ ಮೇಲೆ ಯಾರಿಗಾದರೂ ತಲೆಸುತ್ತಿ ಬಿದ್ದರೆ, ಯಾವ ಬಾಟಲಿ ಅಂತ ಹುಡುಕೋಕೆ ಅಷ್ಟಾದರೂ ಇರಬೇಕಲ್ಲ.